ಟರ್ಬೊ ಹೋಯ್ತು ಅನ್ನುವ ಮೊದಲು: ಕಲಬುರಗಿ ಬಿಸಿಲಲ್ಲಿ ನನ್ನ ಆಕ್ಟೇವಿಯಾ ಆರ್‌ಎಸ್

ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಮಾನು ಇರುವ ಗಾಡಿಯ ಪಿಕಪ್ ಕಡಿಮೆಯಾಗಿದೆ ಅಂದರೆ ಸಾಕು, ನಮ್ಮೂರಲ್ಲಿ ಬರುವ ಮೊದಲ ಮಾತು 'ಟರ್ಬೊ ಹೋಗ್ಯದ್ರೀ'. ನನಗೂ ಅದನ್ನೇ ಹೇಳಿದರು. ಒಂದು ವರ್ಕ್‌ಶಾಪಿನವರು ಬಾನೆಟ್ ಎತ್ತಿ ಇಣುಕಿದರು, ಒಂದು ಸುತ್ತು ಓಡಿಸಿದರು, ಹೊಸ ಟರ್ಬೊದ ಎಸ್ಟಿಮೇಟ್ ಬರೆದು ಕೈಗಿಟ್ಟರು. ಸ್ಕ್ಯಾನರ್ ಹಾಕಲಿಲ್ಲ, ಒಂದು ಪೈಪ್ ಕೂಡ ಬಿಚ್ಚಲಿಲ್ಲ. ಆ ಕಾಗದ ನನ್ನ ಟೂಲ್ ಬಾಕ್ಸಿನಲ್ಲಿ ಇನ್ನೂ ಇದೆ. ಹಳೆಯ ಟರ್ಬೊ ಗಾಡಿಯಲ್ಲೇ ಇದೆ, ಚೆನ್ನಾಗಿ ಕೆಲಸ ಮಾಡುತ್ತಿದೆ.

ಗಾಡಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮೊದಲ ತಲೆಮಾರಿನದು. 1.8 ಲೀಟರ್ ಪೆಟ್ರೋಲ್ ಟರ್ಬೊ ಇಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್. ಯುರೋಪಿನಲ್ಲಿ ಇದೇ ಗಾಡಿಗೆ 180 ಎಚ್‌ಪಿ ಕೊಟ್ಟಿದ್ದರು, ನಮಗೆ ಬಂದದ್ದು 150 ಎಚ್‌ಪಿಯದು. ಇವತ್ತಿನ ಲೆಕ್ಕದಲ್ಲಿ 150 ದೊಡ್ಡ ಸಂಖ್ಯೆಯೇನಲ್ಲ. ಆದರೆ ಎರಡು ಸಾವಿರ ಆರ್‌ಪಿಎಂ ದಾಟಿದ ಕೂಡಲೇ ಸೀಟು ಬೆನ್ನಿಗೆ ಒತ್ತುವ ಆ ಎಳೆತಕ್ಕೆ ನಾನು ಸೋತು, ಸೆಕೆಂಡ್ ಹ್ಯಾಂಡ್ ತಗೊಂಡೆ. ನನ್ನದು ಗಂಜ್ ಕಡೆ ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಅಂಗಡಿ. ದಿನಾ ಇಂಜಿನ್ ಜೊತೆಗೇ ಬದುಕು. ಹಾಗಾಗಿ ಈ ಗಾಡಿಯನ್ನು ಬೇರೆಯವರ ಕೈಗೆ ಕೊಡೋದು ಕಡಿಮೆ.

ಆಗಿದ್ದೇನು ಅಂದರೆ, ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ 3000 ಆರ್‌ಪಿಎಂ ಹತ್ತಿರ ಗಾಡಿ ದಮ್ ಕಳಕೊಳ್ಳುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಇನ್ನೂ ಜಾಸ್ತಿ. ಕಿಟಕಿ ಇಳಿಸಿದರೆ ಮುಂದಿನಿಂದ ಸಣ್ಣಗೆ 'ಸುಸ್' ಅನ್ನುವ ಸದ್ದು. ಆದರೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ, ಆಯಿಲ್ ಕಡಿಮೆಯಾಗುತ್ತಿರಲಿಲ್ಲ, ಸೈರನ್ ಥರ ಕೂಗುವ ಸದ್ದೂ ಇರಲಿಲ್ಲ. ಟರ್ಬೊದ ಬೇರಿಂಗ್ ಅಥವಾ ಸೀಲ್ ಹೋದರೆ ಇವುಗಳಲ್ಲಿ ಒಂದಾದರೂ ಕಾಣಿಸಬೇಕು. ಹೀಗಾಗಿ ನನ್ನ ಅನುಮಾನ ಮೊದಲಿನಿಂದಲೂ ಗಾಳಿಯ ದಾರಿಯ ಮೇಲೇ ಇತ್ತು. ಟರ್ಬೊ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಅದನ್ನು ತಣಿಸುವ ಇಂಟರ್‌ಕೂಲರ್ ಹಾದು, ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್‌ಗೆ ಬರಬೇಕು. ನಡುವೆ ಎಷ್ಟೊಂದು ರಬ್ಬರ್ ಪೈಪು, ಎಷ್ಟೊಂದು ಕ್ಲಾಂಪು! ಅವೆಲ್ಲ ಇಪ್ಪತ್ತು ವರ್ಷದಷ್ಟು ಹಳೆಯವು. ಅದೂ ನಮ್ಮೂರ ಬಿಸಿಲಲ್ಲಿ.

ಮೊದಲು ಲ್ಯಾಪ್‌ಟಾಪಿಗೆ ವಿಸಿಡಿಎಸ್ ಅನ್ನುವ ಸ್ಕ್ಯಾನ್ ಸಾಫ್ಟ್‌ವೇರಿನ ಕೇಬಲ್ ಹಾಕಿದೆ. 17705 ಅನ್ನುವ ಕೋಡ್ ಬಂತು, ಪಿ1297 ಅಂತಲೂ ತೋರಿಸುತ್ತದೆ. ಟರ್ಬೊದಿಂದ ಥ್ರಾಟಲ್‌ವರೆಗಿನ ಜೋಡಣೆಯಲ್ಲಿ ಒತ್ತಡ ಇಳಿಯುತ್ತಿದೆ ಅಂತ ಅದರ ಅರ್ಥ. ಗಾಡಿ ತಾನೇ ಬಾಯಿಬಿಟ್ಟು ಹೇಳುತ್ತಿತ್ತು, ಕೇಳುವವರು ಇರಲಿಲ್ಲ ಅಷ್ಟೇ. ಆಮೇಲೆ ಗಾಡಿ ಓಡುವಾಗಿನ ಸಂಖ್ಯೆಗಳನ್ನು ತೋರಿಸುವ ಮೆಷರಿಂಗ್ ಬ್ಲಾಕ್‌ಗಳಲ್ಲಿ 115 ತೆರೆದೆ. ಇದರಲ್ಲಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕೇಳುವ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಎಷ್ಟು, ಸಿಗುತ್ತಿರುವುದು ಎಷ್ಟು ಅಂತ ಪಕ್ಕಪಕ್ಕದಲ್ಲೇ ಕಾಣಿಸುತ್ತದೆ.

ಇಲ್ಲಿ ಒಂದು ಮಾತು. ಈ ಸಂಖ್ಯೆಗಳು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ಇರುತ್ತವೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಹಾಗಾಗಿ ಇಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಇಟ್ಟರೆ 960 ಮಿಲಿಬಾರ್ ಆಸುಪಾಸು ತೋರಿಸಬೇಕು. ತೋರಿಸಿತು. ಅಲ್ಲಿಗೆ ಬೂಸ್ಟ್ ಸೆನ್ಸರ್ ಸರಿ ಇದೆ ಅಂತ ಆಯ್ತು. ಸಮುದ್ರ ಮಟ್ಟದಲ್ಲಿರುವ ಮುಂಬೈನವರು ಬರೆದ 1010 ನೋಡಿಕೊಂಡು ಸೆನ್ಸರ್ ಕೆಟ್ಟಿದೆ ಅಂತ ಇಲ್ಲಿ ಬದಲಾಯಿಸಿದರೆ ದುಡ್ಡು ಸುಮ್ನೆ ದಂಡ.

ಬೆಳಗಿನ ಜಾವ ಜೇವರ್ಗಿ ರಸ್ತೆಗೆ ಹೋದೆ. ಕಟ್ಟಿ ಸಂಗಾವಿಯ ಭೀಮಾ ಸೇತುವೆಗೆ ಮುಂಚೆ ನೇರ ರಸ್ತೆ ಸಿಗುತ್ತದೆ, ಆ ಹೊತ್ತಿಗೆ ಓಡಾಟ ಕಡಿಮೆ. ಲ್ಯಾಪ್‌ಟಾಪ್ ಹಿಡಿಯಲು ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡಿದ್ದೆ. ಓಡಿಸುವವನು ಸ್ಕ್ರೀನ್ ನೋಡಬಾರದು. ಮೂರನೇ ಗೇರಿನಲ್ಲಿ 2000ದಿಂದ ಪೂರ್ತಿ ಕಾಲು ಕೊಟ್ಟು, 4500ಕ್ಕೆ ಬಿಟ್ಟೆ. ಇಸಿಯು 1500 ಮಿಲಿಬಾರಿಗಿಂತ ಜಾಸ್ತಿ ಕೇಳುತ್ತಿತ್ತು, ಸಿಗುತ್ತಿದ್ದದ್ದು 1200 ಚಿಲ್ಲರೆ. ಟರ್ಬೊ ತಿರುಗುತ್ತಿದೆ, ಗಾಳಿ ಎಲ್ಲೋ ಹೊರಗೆ ಹೋಗುತ್ತಿದೆ.

ಎಲ್ಲಿ ಅಂತ ಹುಡುಕುವುದಕ್ಕೆ ದುಬಾರಿ ಮಷೀನ್ ಬೇಕಿಲ್ಲ. ನೀರಿನ ಪೈಪ್ ಮಾರುವ ಅಂಗಡಿಯಲ್ಲಿ ಒಂದು ಪಿವಿಸಿ ಎಂಡ್ ಕ್ಯಾಪ್ ತಗೊಂಡೆ, ಟರ್ಬೊಗೆ ಗಾಳಿ ಹೋಗುವ ರಬ್ಬರ್ ಪೈಪಿನ ಬಾಯಿಗೆ ಬಿಗಿಯಾಗಿ ಕೂರುವ ಅಳತೆಯದು. ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಕ್ಕಿಸಿದೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಬಿಚ್ಚಿ ಪಕ್ಕಕ್ಕಿಟ್ಟು, ಪೈಪಿಗೆ ಆ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿದೆ. ಇನ್ನೊಂದು ಕೆಲಸ ಮರೆಯುವಂತಿಲ್ಲ. ಇಂಜಿನ್ನಿನ ಒಳಗಿನ ಆವಿಯನ್ನು ಹೊರಗೆ ತರುವ ಬ್ರೀದರ್ ಪೈಪ್ ಬಂದು ಸೇರುವುದು ಇದೇ ಪೈಪಿಗೆ. ಅದನ್ನು ಕಿತ್ತು, ಅದು ಸೇರುತ್ತಿದ್ದ ಬಾಯಿ ಮುಚ್ಚಿ, ಆಯಿಲ್ ಹಾಕುವ ಮುಚ್ಚಳವನ್ನೂ ತೆಗೆದಿಡಬೇಕು. ಇಲ್ಲದಿದ್ದರೆ ಗಾಳಿ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್‌ಗಳನ್ನು ಕಿತ್ತು ಹಾಕುತ್ತದೆ.

ಪಕ್ಕದ ಪಂಕ್ಚರ್ ಅಂಗಡಿಯ ಹುಡುಗ ಗಾಳಿ ಪೈಪ್ ಎಳಕೊಂಡು ಬಂದ.

'ಅಣ್ಣಾ, ಎಷ್ಟು ಹಾಕ್ಲಿ? ಮೂವತ್ತು?'

'ಬ್ಯಾಡಪ್ಪ, ಇದು ಟೈರ್ ಅಲ್ಲ. ಹತ್ತಕ್ಕ ನಿಲ್ಲಸು.'

10 ಪಿಎಸ್‌ಐ ಸಾಕು. ನಾನು ಸೋಪಿನ ನೀರಿನ ಸ್ಪ್ರೇ ಬಾಟಲಿ ಹಿಡಿದು ಪ್ರತಿ ಜೋಡಣೆಗೂ ಹೊಡೆಯುತ್ತಾ ಹೋದೆ. ಮೇಲೆ ಎಲ್ಲೂ ಏನೂ ಇಲ್ಲ. ಹುಡುಗ ಮುಂದಿನ ಬಲ ಚಕ್ರದ ಹತ್ತಿರ ಮಲಗಿ ಟಾರ್ಚ್ ಬಿಟ್ಟಿದ್ದ. 'ನೊರಿ ಬರ್ಲತ್ತದ ನೋಡ್ರಿ ಇಲ್ಲಿ!' ಅಂದ. ಈ ಗಾಡಿಯ ಇಂಟರ್‌ಕೂಲರ್ ಆ ಮೂಲೆಯಲ್ಲೇ, ಬಂಪರಿನ ಒಳಗೆ ಅಡಗಿರುತ್ತದೆ. ಅದಕ್ಕೆ ಸೇರುವ ಕೆಳಗಿನ ಪೈಪಿನಲ್ಲಿ, ಕ್ಲಾಂಪ್ ಒತ್ತಿದ ಗೆರೆಯುದ್ದಕ್ಕೂ ಸೀಳು. ಸುಮ್ನೆ ನಿಂತ ಗಾಡಿಯಲ್ಲಿ ಬರಿಗಣ್ಣಿಗೆ ಕಾಣುವುದೇ ಇಲ್ಲ. ಒಳಗೆ ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ, ಒತ್ತಡ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಸಿಗೆ ರಬ್ಬರ್ ಮೆತ್ತಗಾದಾಗ ಜಾಸ್ತಿ ತೆರೆಯುತ್ತಿತ್ತು. ಮಧ್ಯಾಹ್ನ ಗಾಡಿ ಜಾಸ್ತಿ ದಮ್ ಕಳಕೊಳ್ಳುತ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು ಅಲ್ವಾ?

ಒಂದು ತೂತು ಸಿಕ್ಕಿತು ಅಂತ ಅಲ್ಲಿಗೇ ಬಿಡಬಾರದು. ಹಳೇ ಗಾಡಿಯಲ್ಲಿ ಒಂದು ಮುಚ್ಚಿದರೆ ಒತ್ತಡ ಮುಂದಿನ ಬಡಪಾಯಿ ಪೈಪಿನ ಮೇಲೆ ಬೀಳುತ್ತದೆ. ಡೈವರ್ಟರ್ ವಾಲ್ವ್ ಬಿಚ್ಚಿದೆ. ದೊಡ್ಡ ಪೈಪಿನ ಎರಡು ಕ್ಲಾಂಪ್, ಒಂದು ಸಣ್ಣ ವ್ಯಾಕ್ಯೂಮ್ ಪೈಪ್, ಅಷ್ಟೇ. ಕಾಲು ತೆಗೆದಾಗ ಉಳಿದ ಒತ್ತಡವನ್ನು ಟರ್ಬೊಗೆ ಗಾಳಿ ತರುವ ಪೈಪಿಗೆ ವಾಪಸ್ ಕಳಿಸುವುದು ಇದರ ಕೆಲಸ. ಒಳಗೆ ರಬ್ಬರಿನ ಪರದೆ ಇದೆ, ಅದು ಹರಿಯುತ್ತದೆ. ಪರೀಕ್ಷೆ ಮಾಡುವುದು ಸುಲಭ. ಒಳಗಿನ ಪಿಸ್ಟನ್ ಥರದ ಭಾಗವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು, ಸಣ್ಣ ನಳಿಗೆಯ ಬಾಯನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ಆಮೇಲೆ ಒತ್ತಿದ ಬೆರಳು ತೆಗೆಯಬೇಕು. ಪರದೆ ಸರಿ ಇದ್ದರೆ ಅದು ಮೇಲೇ ನಿಲ್ಲುತ್ತದೆ. ನನ್ನದು ಟಕ್ ಅಂತ ಕೆಳಗೆ ಬಂತು. ಹೊಸದು ಹಾಕಿದೆ.

ಹುಡುಗರು ಬಂದು 'ಅಣ್ಣಾ, ಹೊರಗೆ ಬಿಡೋ ವಾಲ್ವ್ ಹಾಕ್ರೀ, ಛೂ ಅಂತ ಸೌಂಡ್ ಬರ್ತದ' ಅಂತಾರೆ. ಈ ಇಂಜಿನ್ನಿಗೆ ಅದು ಬೇಡ. ಮಾಸ್ ಏರ್‌ಫ್ಲೋ ಸೆನ್ಸರ್ ಅಳೆದು ಒಳಗೆ ಬಿಟ್ಟ ಗಾಳಿಯನ್ನು ಹೊರಗೆ ಚೆಲ್ಲಿದರೆ, ಇಸಿಯು ಇಲ್ಲದ ಗಾಳಿಗೂ ಪೆಟ್ರೋಲ್ ಹಾಕುತ್ತದೆ. ಕರಿ ಹೊಗೆ, ಗೇರ್ ಬದಲಿಸುವಾಗ ಮುಗ್ಗರಿಸುವುದು, ಮೈಲೇಜ್ ಇಳಿಯುವುದು. ಸೌಂಡಿಗೆ ಇಷ್ಟು ಬೆಲೆ ಯಾಕೆ?

ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಬ್ರೀದರ್ ಪೈಪುಗಳಿವೆ. ಅಲ್ಲಿಗೆ ಕೈ ಹೋಗುವುದೇ ಕಷ್ಟ. ಒಂದು ಬಾಗಿದ ಪೈಪನ್ನು ಹಿಡಿದು ಮೆಲ್ಲಗೆ ತಿರುಗಿಸಿದ್ದಷ್ಟೇ, ಸುಟ್ಟ ಹಪ್ಪಳದಂತೆ ಕೈಯಲ್ಲೇ ಪುಡಿಯಾಯ್ತು. ವರ್ಷಗಟ್ಟಲೆ ಬಿಸಿ ಆಯಿಲ್ ಆವಿ ಕುಡಿದ ರಬ್ಬರ್ ಅದು. ಅಲ್ಲಿನ ಚೆಕ್ ವಾಲ್ವ್, ಸಣ್ಣ ವ್ಯಾಕ್ಯೂಮ್ ಪೈಪುಗಳು, ಎಲ್ಲವನ್ನೂ ಒಂದೇ ಸಲ ಬದಲಾಯಿಸಿದೆ. ಇಂಟರ್‌ಕೂಲರ್ ಪೈಪಿಗೆ ಸಿಲಿಕೋನ್ ಪೈಪ್ ಹಾಕಿದೆ. ಪಾರ್ಟ್ಸ್ ಎಲ್ಲ ಹೈದರಾಬಾದಿನಿಂದ ರಾತ್ರಿ ಬಸ್ಸಿಗೆ ಬಂದವು. ಬಸ್ ಬರುವ ಹೊತ್ತಿಗೆ ಹೋಗಿ ನಿಂತು ಪಾರ್ಸೆಲ್ ಇಳಿಸಿಕೊಂಡರೆ ಆಯ್ತು.

ಪೈಪ್ ಬಿಚ್ಚಿದ್ದಾಗಲೇ ಟರ್ಬೊವನ್ನೂ ನೋಡಿದೆ. ತಣ್ಣಗಿರುವ ಇಂಜಿನ್, ಶಾಫ್ಟಿನ ತುದಿಯ ನಟ್ ಹಿಡಿದು ಅಲ್ಲಾಡಿಸಬೇಕು. ಅಡ್ಡಡ್ಡ ತುಸು ಅಲುಗಾಟ ಇದ್ದರೆ ಹೆದರಬೇಕಿಲ್ಲ, ಅದು ಆಯಿಲ್ ಪದರದ ಮೇಲೆ ತೇಲುವ ಶಾಫ್ಟ್. ಒಳಗೆ-ಹೊರಗೆ ಎಳೆದಾಗ ಕೈಗೆ ಅಲುಗಾಟ ಗೊತ್ತಾದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗೆರೆ ಕಂಡರೆ ಮಾತ್ರ ಎಸ್ಟಿಮೇಟ್ ಕಾಗದ ತೆಗೆಯಬೇಕು. ನನ್ನದರಲ್ಲಿ ಎರಡೂ ಇರಲಿಲ್ಲ. ಇಂಟರ್‌ಕೂಲರ್ ಪೈಪಿನೊಳಗೆ ತೆಳುವಾಗಿ ಆಯಿಲ್ ಜಿಡ್ಡು ಇತ್ತು. ಅದು ಬ್ರೀದರಿನಿಂದ ಬರುವಂಥದ್ದು, ಅದನ್ನು ತೋರಿಸಿ ಟರ್ಬೊ ಮಾರುವವರು ಬಹಳ.

ಟರ್ಬೊಗೆ ಆಯಿಲ್ ತರುವ ಸಣ್ಣ ಕಬ್ಬಿಣದ ಪೈಪನ್ನು ಮಾತ್ರ ಬದಲಾಯಿಸಿದೆ. ಅದು ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೇ ಹಾದು ಬರುತ್ತದೆ. ಆ ಕಾವಿಗೆ ಒಳಗಿನ ಆಯಿಲ್ ಕರಕಲಾಗಿ ದಾರಿ ಕಟ್ಟುತ್ತದೆ. ಹೊಸ ಟರ್ಬೊ ಹಾಕಿಸಿಕೊಂಡವರು ಸ್ವಲ್ಪ ದಿನಕ್ಕೇ 'ಮತ್ತೆ ಹೋಯ್ತು' ಅನ್ನುವುದಕ್ಕೆ ಅನೇಕ ಸಲ ಈ ಪೈಪೇ ಕಾರಣ. ತಾಮ್ರದ ವಾಷರ್‌ಗಳು ಹೊಸವೇ ಇರಬೇಕು. ಜೋಡಿಸಿದ ಮೇಲೆ ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಪ್ಲಗ್‌ಗಳನ್ನು ಬಿಚ್ಚಿಟ್ಟು ಸ್ವಲ್ಪ ಹೊತ್ತು ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಗುವ ಮೊದಲೇ ಆಯಿಲ್ ಟರ್ಬೊ ಮುಟ್ಟಲಿ ಅಂತ. ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ಸಾಮಾನಿಗೆ ಒಣ ಬೇರಿಂಗ್ ಅಂದರೆ ಮುಗೀತು.

ಮತ್ತೆ ಅದೇ ಜೇವರ್ಗಿ ರಸ್ತೆ, ಅದೇ ಬ್ಲಾಕ್ 115. ಕೇಳಿದಷ್ಟೂ ಸಿಕ್ಕಿತು. ಪಕ್ಕದಲ್ಲಿದ್ದ ನನ್ನ ತಮ್ಮ ಸ್ಕ್ರೀನ್ ಬಿಟ್ಟು ಬಾಗಿಲ ಮೇಲಿನ ಹ್ಯಾಂಡಲ್ ಹಿಡಿದುಕೊಂಡ.

ಸರ್ವಿಸ್ ವಿಷಯದಲ್ಲಿ ಪುಸ್ತಕದ ಕಿಲೋಮೀಟರ್ ನಾನು ಪೂರ್ತಿ ನಂಬುವುದಿಲ್ಲ. ವಿಡಬ್ಲ್ಯು (ಫೋಕ್ಸ್‌ವ್ಯಾಗನ್) 502 00 ಒಪ್ಪಿಗೆ ಇರುವ 5ಡಬ್ಲ್ಯು-40 ಸಿಂಥೆಟಿಕ್ ಆಯಿಲ್, ಫಿಲ್ಟರ್ ಸೇರಿ ಸುಮಾರು ನಾಲ್ಕೂವರೆ ಲೀಟರ್. ಅದನ್ನು 7,500 ಕಿಲೋಮೀಟರಿಗೆ ಇಲ್ಲವೇ ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಾಯಿಸುತ್ತೇನೆ. ಈ ಇಂಜಿನ್ನಿನ ಆಯಿಲ್ ಹಳತಾದರೆ ಸಂಪಿನಲ್ಲಿ ಗಸಿ ಕಟ್ಟಿ, ಪಂಪಿನ ಜರಡಿ ಮುಚ್ಚುತ್ತದೆ. ಮೊದಲು ಬಳಲುವುದು ಟರ್ಬೊ.

ಏರ್ ಫಿಲ್ಟರ್ ನಮ್ಮ ಕಡೆ ಬೇರೆಯದೇ ಕಥೆ. ಶಹಾಬಾದ್ ಕಡೆ ಒಂದು ವಾರ ಓಡಾಡಿದರೆ ಫರ್ಸಿ ಕಲ್ಲಿನ ಬಿಳಿ ಧೂಳು, ಸೇಡಂ-ಮಳಖೇಡ ಕಡೆ ಹೋದರೆ ಸಿಮೆಂಟ್ ಧೂಳು, ತೊಗರಿ ರಾಶಿ ಶುರುವಾದರೆ ಹೊಟ್ಟು. ಪೇಪರ್ ಫಿಲ್ಟರನ್ನೇ ಹಾಕುತ್ತೇನೆ, ಬೇಗ ಬದಲಾಯಿಸುತ್ತೇನೆ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿ ಅಂತ ಬಹಳ ಜನ ಹೇಳಿದರು. ಎಣ್ಣೆ ಜಾಸ್ತಿಯಾದರೆ ಅದು ಏರ್‌ಫ್ಲೋ ಸೆನ್ಸರಿನ ಮೇಲೆ ಕೂರುತ್ತದೆ. ಈ ಧೂಳಿನ ಊರಿಗೆ ಪೇಪರೇ ವಾಸಿ.

ಇನ್ನೊಂದು ಹೊಸ ತಲೆನೋವು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ಎಥನಾಲ್ 20%. ಎಥನಾಲ್ ಸುಡಲು ಗಾಳಿ ಕಡಿಮೆ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಇಸಿಯು ಜಾಸ್ತಿ ಪೆಟ್ರೋಲ್ ಹಾಕಬೇಕಾಗುತ್ತದೆ. ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡಿಕೊಂಡಿದೆ ಅಂತ ಹೇಳುವ ಎರಡು ಸಂಖ್ಯೆ ಬ್ಲಾಕ್ 032ರಲ್ಲಿ ಇವೆ, ಒಂದು ಐಡಲಿಂಗಿನದು, ಇನ್ನೊಂದು ಓಡುವಾಗಿನದು. ಓಡುವಾಗಿನದು ಸ್ವಲ್ಪ ಪ್ಲಸ್ ಕಡೆ ಸರಿದಿದ್ದರೆ ಅದು ಎಥನಾಲ್ ಲೆಕ್ಕ ಅಂದುಕೊಳ್ಳಬಹುದು. ಐಡಲಿಂಗಿನದು ಪ್ಲಸ್‌ಗೆ ಏರಿದ್ದರೆ ಎಲ್ಲೋ ವ್ಯಾಕ್ಯೂಮ್ ಸೋರಿಕೆ, ಬಾನೆಟ್ ತೆಗೆಯಿರಿ. ಹಳೆಯ ಪೆಟ್ರೋಲ್ ರಬ್ಬರ್ ಪೈಪುಗಳನ್ನೂ ಮೂಸಿ, ಮುಟ್ಟಿ ನೋಡುತ್ತಿರಬೇಕು.

ಮಿಸ್‌ಫೈರ್ ಬಂದರೆ, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ಮೊದಲು ಇಗ್ನಿಷನ್ ಕಾಯಿಲ್ ಅದಲು ಬದಲು. ಎರಡನೇ ಸಿಲಿಂಡರಿನ ಕೋಡ್ ಬಂದಿದ್ದರೆ ಆ ಕಾಯಿಲನ್ನು ಮೂರಕ್ಕೆ ಹಾಕಿ ನೋಡಿ. ಕೋಡ್ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಸ್ಪಾರ್ಕ್ ಪ್ಲಗ್ ಗ್ಯಾಪ್ 0.8 ಮಿಲಿಮೀಟರ್, ಬಿಗಿತ 30 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೆಡ್, ಕೈ ಅಂದಾಜು ಬೇಡ.

ಟೈಮಿಂಗ್ ಬೆಲ್ಟ್ ನಾನೇ ಹಾಕಿದೆ. ಬೆಲ್ಟ್ ತುಂಡಾದರೆ ವಾಲ್ವ್‌ಗೆ ಪಿಸ್ಟನ್ ಬಡಿಯುವ ಇಂಜಿನ್ ಇದು, ಹಾಗಾಗಿ ಟೆನ್ಷನರ್, ಡ್ಯಾಂಪರ್, ವಾಟರ್ ಪಂಪ್ ಎಲ್ಲ ಒಟ್ಟಿಗೇ. ಹಳೆಯ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಬಿರುಕು ಬಿಟ್ಟಿತ್ತು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಲ್ಲಿ ಅದು ಎಲ್ಲಿಯವರೆಗೆ ಬರುತ್ತಿತ್ತೋ! ಲೋಹದ ರೆಕ್ಕೆಯ ಪಂಪ್ ಹಾಕಿ, ಜಿ12 ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿದೆ. ನಲ್ಲಿ ನೀರು, ಬೋರ್ ನೀರು ಬೇಡವೇ ಬೇಡ. ನಮ್ಮ ಬೋರ್ ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ರೀಮ್ಯಾಪ್ ಮಾಡಿಸು, ಅಂದರೆ ಇಸಿಯು ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸು, ಅನ್ನುವವರಿಗೆ ಕೊರತೆಯಿಲ್ಲ. ಆ ಸಣ್ಣ ಇಂಟರ್‌ಕೂಲರ್ ಇಟ್ಟುಕೊಂಡು ಈ ಬಿಸಿಲಲ್ಲಿ ಬೂಸ್ಟ್ ಏರಿಸಿದರೆ ಒಳಗೆ ಹೋಗುವ ಗಾಳಿ ಕುದಿಯುತ್ತದೆ, ಇಂಜಿನ್ನಿನ ಒಳಗಿನ ಬಡಿತವನ್ನು ಹಿಡಿಯುವ ನಾಕ್ ಸೆನ್ಸರ್ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಕೊಟ್ಟ ದುಡ್ಡು ಮಧ್ಯಾಹ್ನದ ಹೊತ್ತಿಗೆ ವಾಪಸ್ ಹೋಗಿರುತ್ತದೆ. 150ರಲ್ಲೇ ಹುಮನಾಬಾದ್ ದಾಟಿ ಹೈದರಾಬಾದ್ ತಲುಪುವುದಕ್ಕೆ ಏನೂ ತೊಂದರೆಯಿಲ್ಲ. ಹೈವೇ ಓಟ ಮುಗಿದ ಮೇಲೆ ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಬಂದು, ಟರ್ಬೊ ತಣ್ಣಗಾಗಲಿ ಅಂತ ಒಂದು ನಿಮಿಷ ಐಡಲಿಂಗ್ ಬಿಟ್ಟು ಆಫ್ ಮಾಡುತ್ತೇನೆ.

ಈಗ ಬಾಕಿ ಇರುವುದು ಫ್ಲೈವೀಲ್, ಇಂಜಿನ್ ಮತ್ತು ಕ್ಲಚ್ ನಡುವಿನ ಭಾರದ ಚಕ್ರ. ನ್ಯೂಟ್ರಲ್‌ನಲ್ಲಿ ಸಣ್ಣಗೆ ಗಡಗಡ ಅನ್ನುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಗೇರ್‌ಬಾಕ್ಸ್ ಇಳಿಸದೆ ಆಗುವ ಕೆಲಸ ಅಲ್ಲ. ನನ್ನ ಅಂಗಡಿಯಲ್ಲಿ ಟ್ರ್ಯಾಕ್ಟರ್ ಜ್ಯಾಕ್ ಇದೆ, ಕಾರ್ ಲಿಫ್ಟ್ ಇಲ್ಲ. ಅಷ್ಟು ಭಾರವನ್ನು ಬೆನ್ನ ಮೇಲೆ ಮಲಗಿ ಇಳಿಸುವ ವಯಸ್ಸೂ ಇಲ್ಲ. ದಸರಾ ಆದ ಮೇಲೆ ಹೈದರಾಬಾದಿಗೆ ಕೊಡುತ್ತೇನೆ, ಆದರೆ ಪಾರ್ಟ್ಸ್ ನಾನೇ ತಗೊಂಡು ಹೋಗುತ್ತೇನೆ.