ಕುಂಕುಮದ ಭರಣಿಯಲ್ಲಿ ಒಂದು ವಾರದ ಉಪ್ಪು

ಡಯಾಲಿಸಿಸ್ ಘಟಕದಲ್ಲಿ ದುಡಿಯುವವರಿಗೆ ಸೋಮವಾರ ಬೆಳಗ್ಗೆ ಹೇಗಿರುತ್ತದೆ ಅಂತ ಗೊತ್ತು. ಕಿಡ್ನಿ ಕೆಟ್ಟವರ ಮೈಯಲ್ಲಿ ನಿಂತ ನೀರನ್ನು ಇಲ್ಲಿ ಯಂತ್ರದಿಂದ ಎಳೆದು ತೆಗೆಯಬೇಕು. ಗುರುವಾರ ಹೋದವರು ನಾಲ್ಕು ದಿನದ ನೀರು ಹೊತ್ತು ಬರುತ್ತಾರೆ. ಮುಖ, ಕಾಲು ಊದಿರುತ್ತದೆ. ಕೆಲವರು ರಾತ್ರಿಯಿಡೀ ಮಲಗಲಾಗದೆ ಕೂತೇ ಕಳೆದಿರುತ್ತಾರೆ. 50 ಕೆಜಿ ಮನುಷ್ಯನಿಂದ 4 ಗಂಟೆಯಲ್ಲಿ 2.6 ಲೀಟರ್ ದಾಟಿ ಎಳೆಯಬಾರದು ಅನ್ನುವುದು ಲೆಕ್ಕ. ಅವರು 4 ಕೆಜಿ ಹೆಚ್ಚಿಸಿಕೊಂಡು ಬಂದರೆ? ಎಳೆದರೆ ಬಿಪಿ ಬೀಳುತ್ತದೆ, ಮೀನಖಂಡ ಹಿಡಿದುಕೊಂಡು ಕಿರುಚುತ್ತಾರೆ. ಬಿಟ್ಟರೆ ರಾತ್ರಿ ಉಸಿರು ಕಟ್ಟುತ್ತದೆ.

ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಅದರಲ್ಲಿ ಏಳು ವರ್ಷ ಎಲ್ಲರ ಹಾಗೆ ಒಂದೇ ಮಾತು ಹೇಳಿದೆ: ನೀರು ಕಡಿಮೆ ಕುಡಿಯಿರಿ. ಬೈದೂ ಹೇಳಿದೆ. ಅದರಿಂದ ಏನೂ ಆಗಲಿಲ್ಲ.

ಮೊದಲು ಬಾಟಲಿ ಪ್ರಯೋಗ ಮಾಡಿದೆ. ಗೆರೆ ಎಳೆದ ಬಾಟಲಿ, ಒಂದಕ್ಕೆ ಸುಮಾರು 60 ರೂಪಾಯಿ, ಹನ್ನೆರಡು ತಂದೆ, ನನ್ನ ಕೈಯಿಂದಲೇ. ದಿನಕ್ಕೆ ಅರ್ಧ ಲೀಟರ್, ಜೊತೆಗೆ ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು. ಮುಳಬಾಗಿಲು ಕಡೆಯ ಒಬ್ಬ ತಾತ ವಾರವಾದ ಮೇಲೆ ಬಾಟಲಿ ಹಾಗೇ ತಂದು ತೋರಿಸಿದರು. ತೂಕ ಮಾತ್ರ 4 ಕೆಜಿ ಜಾಸ್ತಿ. "ಬಾಟಲಿ ನೀರು ಮುಟ್ಟಿಲ್ಲ ಸಿಸ್ಟರಮ್ಮ, ಮಜ್ಜಿಗೆ ಕುಡಿದೆ. ಬಾಯಾರಿಕೆ ತಡೆಯೋಕೆ ಆಗಲ್ಲ ತಾಯಿ" ಅಂದರು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಬಾಯಾರಿಕೆಯನ್ನು ಹಾಗೇ ಬಿಟ್ಟು ನೀರು ಕುಡಿಯಬೇಡ ಅಂದರೆ ಯಾರಿಗೆ ತಾನೇ ಆಗುತ್ತದೆ?

ಆಗ ಬಾಯಾರಿಕೆ ತರಿಸುವ ಉಪ್ಪಿನ ಕಡೆ ತಿರುಗಿದೆ. ಅಲ್ಲೇ ನನ್ನ ದೊಡ್ಡ ತಪ್ಪೂ ಆಯಿತು. ಒಂದು ಮನೆಯವರಿಗೆ "ಸೋಡಿಯಂ ಕಡಿಮೆ ಮಾಡಿ" ಅಂತ ಹೇಳಿದೆ, ಬಿಡಿಸಿ ಹೇಳಲಿಲ್ಲ. ಅವರು ಅಂಗಡಿಯಿಂದ ಲೋ ಸೋಡಿಯಂ ಉಪ್ಪು ತಂದು ಅಡುಗೆಗೆ ಹಾಕಿದರು. ಅದರಲ್ಲಿ ಒಂದಷ್ಟು ಸೋಡಿಯಂ ಬದಲಿಗೆ ಇರುವುದು ಪೊಟ್ಯಾಶಿಯಂ ಕ್ಲೋರೈಡ್. ಕಿಡ್ನಿ ಕೆಟ್ಟವರಲ್ಲಿ ಪೊಟ್ಯಾಶಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ, ಹೃದಯಕ್ಕೇ ಅಪಾಯ. ಹತ್ತು ದಿನಕ್ಕೆ ಪೊಟ್ಯಾಶಿಯಂ 6.8 ಬಂತು, ಇಸಿಜಿ ಬದಲಾಗಿತ್ತು. ಡಾಕ್ಟರ್ ಅದೇ ರಾತ್ರಿ ಡಯಾಲಿಸಿಸ್ ಮಾಡಿಸಿದರು, ಜೀವ ಉಳಿಯಿತು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಹೊಸಬರು ಯಾರೇ ಬಂದರೂ ಮೊದಲು ಉಪ್ಪಿನ ಪ್ಯಾಕೆಟ್ಟೇ ತರಿಸಿ ನೋಡುತ್ತೇನೆ. ಸೈಂಧವ ಲವಣ ಒಳ್ಳೆಯದಂತೆ ಅಂತ ತರುವವರೂ ಇದ್ದಾರೆ. ಅದೂ ಉಪ್ಪೇ, ಸೋಡಿಯಂ ಏನೂ ಕಡಿಮೆ ಇಲ್ಲ.

ದಾರಿ ಸಿಕ್ಕಿದ್ದು ಅದೇ ತಾತನ ಸೊಸೆಯಿಂದ. "ಮನೆಗೆ ಒಂದು ಕೆಜಿ ಉಪ್ಪು ಎಷ್ಟು ದಿನ ಬರುತ್ತಮ್ಮ?" ಅಂತ ಕೇಳಿದೆ. ಐದು ಜನ, ಹದಿನೈದು ಹದಿನಾರು ದಿನ ಅಂದಳು. ತಲೆಗೆ ದಿನಕ್ಕೆ 12-13 ಗ್ರಾಂ ಆಯಿತು. ಉಪ್ಪಿನಕಾಯಿ, ಹಪ್ಪಳ ಬೇರೆ. ಇರಬೇಕಾದ್ದು 5 ಗ್ರಾಂ ಒಳಗೆ. ಎಂಟು ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಅಂದರೆ ನಾನು ಏಳು ವರ್ಷ ಬೈದದ್ದು ಆ ಹೆಚ್ಚಿನ ಎಂಟು ಗ್ರಾಂ ಕೇಳುತ್ತಿದ್ದ ನೀರಿಗೆ.

ಸಂತೆಯಲ್ಲಿ ಕುಂಕುಮದ ಪುಟ್ಟ ಭರಣಿ ಸಿಗುತ್ತವಲ್ಲ, ಹತ್ತು ರೂಪಾಯಿಯವು, ಇಪ್ಪತ್ತು ತಂದೆ. ಸುಮಾರು 400 ರೂಪಾಯಿಯ ಅಡುಗೆ ತಕ್ಕಡಿ ಒಂದು. ದಿನಕ್ಕೆ 4 ಗ್ರಾಂ ಲೆಕ್ಕದಲ್ಲಿ ಒಂದು ಭರಣಿಗೆ 28 ಗ್ರಾಂ ತೂಗಿ ಕೊಟ್ಟೆ. ಒಂದು ವಾರಕ್ಕೆ ಅಷ್ಟೇ. ಉಳಿದದ್ದು ಹಾಲು, ಬನ್ನು, ಬಿಸ್ಕತ್ತಿನಲ್ಲಿ ಹೇಗೂ ಬರುತ್ತದೆ. ಮುದ್ದೆಗೆ ಉಪ್ಪು ಬೇಡ. ಸಾರಿಗೆ ಉಪ್ಪು ಹಾಕುವ ಮೊದಲೇ ರೋಗಿಯ ಪಾಲು ತೆಗೆದಿಡಬೇಕು. ಅವರ ಉಪ್ಪು ತಟ್ಟೆಗೇ, ಮೇಲೆ ಉದುರಿಸುವುದು. ಸಾರಿನಲ್ಲಿ ಕುದಿಸಿದ್ದಕ್ಕಿಂತ ಮೇಲೆ ಉದುರಿಸಿದ ಚಿಟಿಕೆ ನಾಲಿಗೆಗೆ ಜಾಸ್ತಿ ತಾಗುತ್ತದೆ. ಇದನ್ನು ನಾನೇ ತಿಂದು ನೋಡಿದ್ದೇನೆ.

ಘಟಕದಲ್ಲಿ ಯಾರೂ ನಂಬಲಿಲ್ಲ. "ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆಯೇ ಇದೆ, ಹಳ್ಳಿಯವರು ಕೇಳ್ತಾರಾ" ಅಂದರು ಹಿರಿಯ ಸಿಸ್ಟರ್. ಮೊದಲ ಎರಡು ವಾರ ಅವರ ಮಾತೇ ನಿಜವಾಯಿತು. ರೋಗಿಗಳು ತಟ್ಟೆ ದೂಡಿದರು. ಆಗ ಉಪ್ಪಿಲ್ಲದ ಒಂದು ಪುಡಿ ಮಾಡಿಕೊಟ್ಟೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಇದೆ, ಮೇಲೆ ಎರಡು ಹನಿ ನಿಂಬೆರಸ. ಇನ್ನೂ ಒಂದು ಸಾಮಾನು ಇದೆ, ಅದನ್ನೂ ಹುರಿಯುವ ಹದವನ್ನೂ ನಾನು ಇನ್ನೂ ಯಾರಿಗೂ ಹೇಳಿಲ್ಲ. ಮೂರನೇ ವಾರದಿಂದ ನಾಲಿಗೆ ಒಗ್ಗಿತು.

ಭರಣಿ ತಗೊಂಡ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಮೂರು ತಿಂಗಳು ಬಿಡದೆ ಮಾಡಿದರು. ಸೋಮವಾರದ ತೂಕ ಸರಾಸರಿ 3.8 ಕೆಜಿ ಏರುತ್ತಿದ್ದದ್ದು 2.4ರ ಹತ್ತಿರ ಬಂತು. ಒಂದು ಪಾಳಿಯಲ್ಲಿ ಇಬ್ಬರಿಗಾದರೂ ಸ್ನಾಯು ಸೆಳೆತ ಬರುತ್ತಿತ್ತು, ಈಗ ವಾರಕ್ಕೆ ಒಂದೆರಡು. ಬಿಪಿ ಬಿದ್ದಾಗ ಕೊಡುವ ಸಲೈನ್ ಅರ್ಧಕ್ಕೆ ಇಳಿದಿರಬಹುದು. ತಾತನ ಮನೆಯವರಿಗೆ ರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಓಡುವುದು ತಿಂಗಳಿಗೆ ಒಮ್ಮೆ ಇದ್ದೇ ಇತ್ತು. ಬಾಡಿಗೆಯೇ ಮೂರು ಸಾವಿರ, ಮಗನ ಎರಡು ದಿನದ ಕೂಲಿ ಬೇರೆ. ಆಮೇಲೆ ಆರು ತಿಂಗಳು ಒಮ್ಮೆಯೂ ಹೋಗಲಿಲ್ಲ. ಹಿರಿಯ ಸಿಸ್ಟರ್ ಈಗ ತಾವೇ ಭರಣಿ ತುಂಬಿಸುತ್ತಾರೆ. ಅದನ್ನು ನೋಡುವಾಗ ನನಗೆ ಹೆಮ್ಮೆ ಅನಿಸುತ್ತದೆ.

ಉಳಿದ ಐವರಲ್ಲಿ ಒಬ್ಬರು ಉಪ್ಪು ಪಕ್ಕಾ ಬಿಟ್ಟಿದ್ದರು, ತೂಕ ಇಳಿಯಲೇ ಇಲ್ಲ. ಕಾರಣ ರಕ್ತದ ಸಕ್ಕರೆ. ಊಟಕ್ಕೆ ಮೊದಲೇ 300 ದಾಟಿತ್ತು. ಸಕ್ಕರೆ ಏರಿದಾಗ ಬಾಯಾರಿಕೆ ಆಗೇ ಆಗುತ್ತದೆ ಅಲ್ವಾ? ನಾನು ಮೊದಲೇ ನೋಡಬೇಕಿತ್ತು. ಇನ್ಸುಲಿನ್ ಸರಿಮಾಡಿಸಿದ ಮೇಲೆ ಅವರೂ ದಾರಿಗೆ ಬಂದರು.

ತಕ್ಕಡಿ ಕೈಗೆ ಬಂದ ಮೇಲೆ ಸುಮ್ನೆ ಇರಲಾಗಲಿಲ್ಲ. ನಮ್ಮ ಮನೆಯ ಮುದ್ದೆ ತೂಗಿದೆ. ಹಿಟ್ಟು ಎಷ್ಟು, ನೀರು ಎಷ್ಟು ಅಂತ ಬರೆದೆ. 250 ಗ್ರಾಂ ಮುದ್ದೆಯಲ್ಲಿ ಒಂದು ಲೋಟದಷ್ಟು ನೀರೇ ಇದೆ! ಮುದ್ದೆ ಬಿಡಿಸಲಿಲ್ಲ, ಅದು ಆಗುವ ಮಾತಲ್ಲ. ನೀರಿನ ಲೆಕ್ಕದಲ್ಲಿ ಸೇರಿಸಿದೆ, ಅಷ್ಟೇ.

ಬಸ್ಸಾರಿನದು ಬೇರೆ ಕಥೆ. ಸೊಪ್ಪು ಬೇಯಿಸಿ ನೀರು ಚೆಲ್ಲಿ, ಪೊಟ್ಯಾಶಿಯಂ ಹೋಗುತ್ತದೆ ಅಂತ ಎಲ್ಲ ಪಥ್ಯದ ಚಾರ್ಟಿನಲ್ಲೂ ಇದೆ. ನಮ್ಮ ಕಡೆ ಆ ಬಸಿದ ನೀರೇ ಸಾರು! ಈಗ ಬೆಂದ ಸೊಪ್ಪಿನ ಪಲ್ಯ ಸ್ವಲ್ಪ ರೋಗಿಗೆ, ಸಾರು ಮನೆಯವರಿಗೆ ಅಂತ ಪಾಲು ಮಾಡಿಸಿದ್ದೇನೆ. ನೋಡಲು ಬರುವ ನೆಂಟರು ಪೊಟ್ಯಾಶಿಯಂ ತುಂಬಿದ ಎಳನೀರು ತರುವುದನ್ನು ನಿಲ್ಲಿಸಲು ಮಾತ್ರ ಇನ್ನೂ ಆಗಿಲ್ಲ. ಒಂದೊಂದು ಮನೆಗೂ ಹೋಗಿ ಹೇಳುತ್ತಿದ್ದೇನೆ.

ಈಗ ಶ್ರೀನಿವಾಸಪುರದ ಕಡೆ ಮಾವು ಕಾಯಿ ಕಟ್ಟುತ್ತಿದೆ. ಇನ್ನು ಮನೆಮನೆಯಲ್ಲೂ ಉಪ್ಪಿನಕಾಯಿ ಜಾಡಿ ತುಂಬುತ್ತದೆ. ಹೋದ ವರ್ಷ ಆ ಎರಡು ತಿಂಗಳಲ್ಲೇ ನಾಲ್ಕು ಜನರ ತೂಕ ಮತ್ತೆ ಏರಿತ್ತು. ಈ ಸಲ ಜಾಡಿಗೆ ಉಪ್ಪು ಬೀಳುವ ಮೊದಲೇ ಮಾತಾಡಬೇಕು ಅಂತ ತಾತನ ಸೊಸೆಗೆ ಫೋನ್ ಮಾಡಿದೆ. ಭಾನುವಾರ ತಕ್ಕಡಿ ತಗೊಂಡು ಬನ್ನಿ ಅಂದಿದ್ದಾಳೆ.