ಆರ್‌ವಿಯಲ್ಲಿ ಕರೆಂಟ್ ಹೋಯ್ತಾ? ಬ್ರೇಕರ್ ಮುಟ್ಟುವ ಮೊದಲು ಇದನ್ನು ಓದಿ

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರು ಎರಡು ಮನೆಯವರು ಸೇರಿ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮೋಟರ್‌ಹೋಮ್ ಬಾಡಿಗೆಗೆ ಹಿಡಿಯುತ್ತಾರೆ. ಮೊದಲ ರಾತ್ರಿಯೇ ಕರೆಂಟ್ ಹೋಗುತ್ತದೆ. ಮೇಲೆ ಎ.ಸಿ. ಓಡುತ್ತಿದೆ, ಕರೆಂಟ್ ಕುಕ್ಕರ್‌ನಲ್ಲಿ ಅನ್ನ ಬೇಯುತ್ತಿದೆ, ಯಾರೋ ಸಾರು ಬಿಸಿ ಮಾಡೋಣ ಅಂತ ಮೈಕ್ರೋವೇವ್ ಒತ್ತುತ್ತಾರೆ. ಟಪ್! ಆಮೇಲೆ ‘ಗಾಡಿ ಸರಿಯಿಲ್ಲ’ ಅಂತ ಬಾಡಿಗೆ ಕೊಟ್ಟವರಿಗೆ ಫೋನು. ಗಾಡಿ ಸರಿಯಾಗಿಯೇ ಇರುತ್ತದೆ.

ಹಂತ 1: ಗಾಡಿಯಲ್ಲಿ ಎರಡು ಬಗೆಯ ಕರೆಂಟ್ ಇದೆ. ದೀಪ, ನೀರಿನ ಪಂಪ್, ಹೀಟರ್‌ನ ಫ್ಯಾನ್ ಬ್ಯಾಟರಿಯ 12 ವೋಲ್ಟ್‌ನಲ್ಲಿ ನಡೆಯುತ್ತವೆ; ಇವುಗಳಿಗೆ ಕಾವಲು ಫ್ಯೂಸ್. ಎ.ಸಿ., ಮೈಕ್ರೋವೇವ್, ಗೋಡೆಯ ಸಾಕೆಟ್‌ಗಳಿಗೆ ಹೊರಗಿನ 120 ವೋಲ್ಟ್ ಬೇಕು. ಇವುಗಳಿಗೆ ಕಾವಲು ಬ್ರೇಕರ್, ಅಂದರೆ ಹೊರೆ ಹೆಚ್ಚಾದರೆ ತಾನೇ ‘ಬಿದ್ದು’ ಕರೆಂಟ್ ಕಡಿಯುವ ಸ್ವಿಚ್. ಹೊರಗಿನ ಕರೆಂಟ್ ನಿಂತರೂ ಬ್ಯಾಟರಿಯಿಂದ ದೀಪ ಉರಿಯುತ್ತಲೇ ಇರುತ್ತದೆ. ‘ಲೈಟ್ ಇದೆಯಲ್ಲ, ಬ್ರೇಕರ್ ಹೇಗೆ ಬೀಳುತ್ತೆ?’ ಅಂತ ಜನ ಮೋಸ ಹೋಗುವುದು ಇಲ್ಲೇ.

ಹಂತ 2: ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿಗೆ ಕರೆಂಟ್ ಕೊಡುವ ಕಂಬದ ಬ್ರೇಕರ್ ಆಫ್ ಮಾಡಿ, ಗಾಡಿಯ ಪ್ಲಗ್ ಪೂರ್ತಿ ಒಳಗೆ ತಳ್ಳಿ, ಆನ್ ಮಾಡಿ. ಅಷ್ಟೇ.

ಹಂತ 3: ಲೆಕ್ಕ ಹಾಕಿ. ಮೂರು ಕಡ್ಡಿಯ ಪ್ಲಗ್ ಅಂದರೆ 30 ಆಂಪ್. 30 ಗುಣಿಸು 120, ಒಟ್ಟು 3,600 ವ್ಯಾಟ್. ಉಪಕರಣದ ಮೇಲೆ ಬರೆದ ವ್ಯಾಟನ್ನು 120ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 1,500 ವ್ಯಾಟ್‌ನ ಕೆಟಲ್ ಹನ್ನೆರಡೂವರೆ ಆಂಪ್ ಎಳೆಯುತ್ತದೆ. ಎ.ಸಿ., ಮೈಕ್ರೋವೇವ್ ಕೂಡ ಸುಮಾರು ಅಷ್ಟಷ್ಟೇ. ಎರಡು ನಡೆದರೆ ಸರಿ, ಮೂರನೆಯದಕ್ಕೆ ಜಾಗವಿಲ್ಲ. ಗೀಸರ್ ಕರೆಂಟ್‌ನಲ್ಲಿದ್ದರೆ ಅದನ್ನೂ ಸೇರಿಸಿ, ಎಲ್ಲರೂ ಮರೆಯುವುದು ಅದನ್ನೇ. ನನ್ನ ಮಟ್ಟಿಗೆ ಗೀಸರ್ ಗ್ಯಾಸ್‌ನಲ್ಲೇ ಇರಬೇಕು.

ನಾಲ್ಕು ಕಡ್ಡಿಯ 50 ಆಂಪ್ ಬೇರೆಯೇ ಕಥೆ. ಅದರಲ್ಲಿ 50ರ ಎರಡು ಲೈನ್, ಅಂದರೆ 12,000 ವ್ಯಾಟ್. ಆದರೆ ಅಡಾಪ್ಟರ್ ಹಾಕಿ 30ರ ಕಂಬಕ್ಕೆ ಚುಚ್ಚಿದರೆ ಸಿಗುವುದು 30 ಮಾತ್ರ. ಅಡಾಪ್ಟರ್ ಕರೆಂಟ್ ಹುಟ್ಟಿಸುವುದಿಲ್ಲ! ತೆಳ್ಳಗಿನ ಅಗ್ಗದ ಎಕ್ಸ್‌ಟೆನ್ಷನ್ ವೈರ್ ಅಂತೂ ತರಲೇಬೇಡಿ, ಕಾದು ಕರಗುತ್ತದೆ. ಊರಿನಿಂದ ತಂದ 230 ವೋಲ್ಟ್ ಮಿಕ್ಸಿಯನ್ನೂ ಮನೆಯಲ್ಲೇ ಬಿಡಿ. ಚಟ್ನಿ ರುಬ್ಬಿಕೊಂಡೇ ಹೊರಡಿ.

ಹಂತ 4: ಬಿದ್ದ ಬ್ರೇಕರ್ ಎತ್ತುವುದು. ಎಲ್ಲರೂ ಎಡವುವುದು ಇಲ್ಲಿ. ಮೊದಲು ಭಾರದ ಉಪಕರಣಗಳನ್ನೆಲ್ಲ ಆಫ್ ಮಾಡಿ. ಗಾಡಿಯೊಳಗಿನ ಬ್ರೇಕರ್ ಪ್ಯಾನೆಲ್ ತೆರೆದು ಟಾರ್ಚ್ ಬಿಡಿ. ಬಿದ್ದ ಬ್ರೇಕರ್ ಸಾಮಾನ್ಯವಾಗಿ ಆಫ್‌ಗೆ ಹೋಗಿರುವುದಿಲ್ಲ, ನಡುವೆ ಸಡಿಲವಾಗಿ ನಿಂತಿರುತ್ತದೆ. ದೂರದಿಂದ ಆನ್ ಇದ್ದ ಹಾಗೇ ಕಾಣುತ್ತದೆ. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ. ಸಿಕ್ಕಿದ್ದನ್ನು ಹಾಗೇ ಆನ್ ಕಡೆ ತಳ್ಳಿದರೆ ನಿಲ್ಲುವುದಿಲ್ಲ. ಮೊದಲು ‘ಕಟಕ್’ ಅನ್ನುವವರೆಗೆ ಆಫ್‌ಗೆ ಒತ್ತಿ, ಆಮೇಲೆ ಆನ್ ಮಾಡಿ. ಎ.ಸಿ.ಗೆ ಐದು ನಿಮಿಷ ಬಿಡುವು ಕೊಡಿ. ಕೂಡಲೇ ಹಾಕಿದರೆ ಕಂಪ್ರೆಸರ್ ತಿಣುಕಿ ಮತ್ತೆ ಬ್ರೇಕರ್ ಬೀಳಿಸುತ್ತದೆ.

ಒಳಗೆ ಎಲ್ಲ ಸರಿಯಿದ್ದರೆ ಕಂಬದ ಬ್ರೇಕರ್ ನೋಡಿ. ಜನರೇಟರ್‌ನಲ್ಲಿದ್ದರೆ ಅದರ ಮೈಮೇಲೂ ಒಂದು ಬ್ರೇಕರ್ ಇರುತ್ತದೆ. ಸಾಕೆಟ್‌ಗಳು ಮಾತ್ರ ಸತ್ತಿದ್ದರೆ ಬಚ್ಚಲಿಗೆ ಹೋಗಿ. ಅಲ್ಲಿ ಪುಟ್ಟ ಗುಂಡಿಗಳಿರುವ ಜಿಎಫ್‌ಸಿಐ ಸಾಕೆಟ್ ಇರುತ್ತದೆ; ಕರೆಂಟ್ ಸೋರಿದರೆ ಅದು ತಾನೇ ಆಫ್ ಆಗುತ್ತದೆ. ಬಹಳ ಗಾಡಿಗಳಲ್ಲಿ ಅಡುಗೆಕಟ್ಟೆಯ, ಹೊರಗಿನ ಸಾಕೆಟ್‌ಗಳೂ ಅದರ ಹಿಂದೆಯೇ ಜೋಡಿಸಿರುತ್ತವೆ. ‘ರೀಸೆಟ್’ ಗುಂಡಿ ಒತ್ತಿ. ಒಮ್ಮೆ ಗೆಳೆಯರೊಬ್ಬರು ಇದು ಗೊತ್ತಿಲ್ಲದೆ ಎರಡು ದಿನ ಕಾಫಿ ಡಿಕಾಕ್ಷನ್‌ಗೆ ಪಕ್ಕದ ಗಾಡಿಯವರ ಮುಂದೆ ನಿಂತಿದ್ದರು.

ಏನೂ ಹಾಕದಿದ್ದರೂ ಬ್ರೇಕರ್ ತಕ್ಷಣ ಬಿತ್ತಾ? ಅದು ಶಾರ್ಟ್. ಮತ್ತೆ ಮತ್ತೆ ಎತ್ತಬೇಡಿ. ಫೋನ್ ಮಾಡಬೇಕಾದದ್ದು ಆಗ.

ಕಂಬವೇ ಇಲ್ಲದ ಜಾಗಗಳೂ ಇವೆ. ಯೆಲ್ಲೋಸ್ಟೋನ್ ಪಾರ್ಕ್ ಒಳಗೆ ಫಿಶಿಂಗ್ ಬ್ರಿಡ್ಜ್ ಅನ್ನುವ ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಗಾಡಿಗೆ ಕರೆಂಟ್ ಕೊಡುವುದಿಲ್ಲ. ಪಾರ್ಕಿನ ಉಳಿದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ ಜನರೇಟರ್ ಓಡಿಸುವ ಹಾಗೂ ಇಲ್ಲ, ಬ್ಯಾಟರಿಯೇ ಗತಿ. ಹಗಲೇ ಅಡುಗೆ ಮುಗಿಸಿ.

ಹೊರಡುವ ಮೊದಲು 12 ವೋಲ್ಟ್‌ನ ಬಿಡಿ ಫ್ಯೂಸ್ ನಾಲ್ಕು ಇಟ್ಟುಕೊಳ್ಳಿ. ನೀಲಿ 15, ಹಳದಿ 20 ಆಂಪ್. ನೀಲಿ ಸುಟ್ಟರೆ ನೀಲಿಯನ್ನೇ ಹಾಕಿ. ಹಳದಿ ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರು.