ನನಗೆ ಯಾವ ಕೆಲಸ ಹೊಂದುತ್ತೆ ಅಂತ ಬೇರೆಯವರನ್ನು ಕೇಳಿದೆ

ದಾವಣಗೆರೆಯ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಒಂಬತ್ತು ವರ್ಷ ಅಕೌಂಟ್ಸ್ ನೋಡಿಕೊಂಡೆ. ಬಿ.ಕಾಂ. ಆಗಿತ್ತು, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರುತ್ತಿತ್ತು, ಇದೇ ನನ್ನ ಕೆಲಸ ಅಂದುಕೊಂಡಿದ್ದೆ. ಆದರೆ ತಿಂಗಳ 14ನೇ ತಾರೀಕು ಹತ್ತಿರ ಬಂದರೆ ಸಂಕಟ ಶುರು. ಅವತ್ತು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತದೆ, ಅದರ ಒಂದೊಂದು ಸಾಲನ್ನೂ ನಮ್ಮ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ 20ರೊಳಗೆ 3ಬಿ ಅನ್ನೋ ತಿಂಗಳ ತೆರಿಗೆ ರಿಟರ್ನ್ ಹಾಕಬೇಕು. ನೂರು ಸಾಲು ದಾಟುವಷ್ಟರಲ್ಲಿ ನನ್ನ ಗಮನ ಎಲ್ಲೋ ಹೋಗಿರುತ್ತಿತ್ತು. ತಪ್ಪಾಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆ.

ಬೇರೆ ಕೆಲಸ ಹುಡುಕುವ ಮೊದಲು ನನಗೆ ಏನು ಚೆನ್ನಾಗಿ ಬರುತ್ತೆ ಅಂತ ತಿಳಿಯಬೇಕು ಅನ್ನಿಸಿತು. ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವ ವಿಐಎ ಪರೀಕ್ಷೆ ತೆಗೆದುಕೊಂಡೆ. 24 ಗುಣಗಳನ್ನು ನಮ್ಮ ಉತ್ತರಗಳ ಮೇಲೆ ಸಾಲಾಗಿ ಜೋಡಿಸಿ ಕೊಡುತ್ತದೆ. ನನ್ನದರಲ್ಲಿ ಕಲಿಯುವ ಆಸೆ, ದಯೆ ಮೇಲಿದ್ದವು. ಓದಿ ಖುಷಿಯಾಯಿತು, ಆದರೆ ಅದನ್ನು ಹಿಡಿದುಕೊಂಡು ಯಾವ ಕೆಲಸಕ್ಕೆ ಅರ್ಜಿ ಹಾಕೋದು ಅಂತ ಗೊತ್ತಾಗಲಿಲ್ಲ.

ದಾರಿ ಕಂಡದ್ದು ವಾಟ್ಸಾಪ್‌ನಲ್ಲಿ ಎಂಟು ಜನರನ್ನು ಕೇಳಿದ ಮೇಲೆ. ಇಲ್ಲಿ ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನೋದು ಬಹಳ ಮುಖ್ಯ. ‘ನನ್ನಲ್ಲಿ ಏನು ಚೆನ್ನಾಗಿದೆ’ ಅಂದರೆ ‘ನೀನು ತುಂಬಾ ಒಳ್ಳೆಯವಳು’ ಅಂತ ಬರುತ್ತದೆ ಅಷ್ಟೇ. ನಾನು ಕೇಳಿದ್ದು ಹೀಗೆ: ‘ನಾನು ಏನನ್ನಾದರೂ ಚೆನ್ನಾಗಿ ಮಾಡಿದ್ದು ನೀವು ಕಣ್ಣಾರೆ ನೋಡಿದ್ದರೆ, ಅವತ್ತು ಏನಾಯ್ತು ಅಂತ ಹೇಳಿ.’ ಆರು ಜನ ಉತ್ತರಿಸಿದರು. ಅದರಲ್ಲಿ ಐದು ಜನ ಹೇಳಿದ್ದು ಒಂದೇ, ನಾನು ಯಾರಿಗೋ ಏನನ್ನೋ ಬಿಡಿಸಿ ಹೇಳಿದ ಸಂಗತಿ. ಪಕ್ಕದ ಅಂಗಡಿಯ ಹಿರಿಯರೊಬ್ಬರು, ‘ಅಮ್ಮಾ, ನಾನು ದುಡ್ಡು ಕೊಟ್ಟೀನಿ, ಬಿಲ್ ಐತಿ, ಕ್ರೆಡಿಟ್ ಯಾಕೆ ಬರ್ಲಿಲ್ಲ ಅಂತ ಕೇಳಿದ್ದೆ ನೆನಪೈತಾ?’ ಅಂದರು. ಕ್ರೆಡಿಟ್ ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು. ಮಾಲು ಕೊಟ್ಟವನು 11ನೇ ತಾರೀಕಿನೊಳಗೆ ತನ್ನ ರಿಟರ್ನ್‌ನಲ್ಲಿ ಆ ಬಿಲ್ ತೋರಿಸದಿದ್ದರೆ ನಮ್ಮ 2ಬಿಗೆ ಆ ತಿಂಗಳು ಬರೋದಿಲ್ಲ ಅಂತ, ಅವರದೇ ಎರಡು ಬಿಲ್ ಇಟ್ಟು ತೋರಿಸಿದ್ದೆ. ನನಗೆ ಮರೆತೇ ಹೋಗಿತ್ತು. ಸುಮ್ನೆ ಮಾತಾಡಿದ್ದು ಅಂದುಕೊಂಡಿದ್ದೆ, ಅದನ್ನು ಯಾವತ್ತೂ ಕೆಲಸ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆದರೂ ಕೆಲಸ ಬಿಡಲಿಲ್ಲ. ಮನೆ ಸಾಲ ಇದ್ದಾಗ ಹಾಗೆ ಧುಮುಕೋದು ಸರಿಯಲ್ಲ. ಆರು ವಾರ ಒಂದು ನೋಟ್‌ಬುಕ್ ಇಟ್ಟೆ, ದಿನದ ಕೊನೆಗೆ ಯಾವ ಕೆಲಸ ಮಾಡಿದಾಗ ಹೊತ್ತು ಹೋಗಿದ್ದೇ ತಿಳಿಯಲಿಲ್ಲ, ಯಾವುದನ್ನು ಮಾಡಿದಾಗ ಸುಸ್ತಾಯಿತು ಅಂತ ಎರಡೇ ಸಾಲು. ಜೊತೆಗೆ ಭಾನುವಾರ ಬೆಳಿಗ್ಗೆ ನಾಲ್ಕು ಜನ ಸಣ್ಣ ಅಂಗಡಿಯವರಿಗೆ ನಮ್ಮ ಮನೆಯಲ್ಲೇ ಬಿಲ್ಲಿಂಗ್ ಹೇಳಿಕೊಟ್ಟೆ. ಮೂರನೇ ವಾರಕ್ಕೆ ಹನ್ನೊಂದು ಜನ ಆದರು. ನೋಟ್‌ಬುಕ್‌ನಲ್ಲಿ ಭಾನುವಾರದ ಎದುರು ‘ಸುಸ್ತು’ ಅಂತ ಒಂದು ಸಲವೂ ಬರೆದಿರಲಿಲ್ಲ.

ಆಮೇಲೆ ಅಕೌಂಟಿಂಗ್ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯಲ್ಲಿ, ಗ್ರಾಹಕರಿಗೆ ಹೇಳಿಕೊಡುವ ಕೆಲಸಕ್ಕೆ ಸಂದರ್ಶನಕ್ಕೆ ಹೋದೆ. ನನ್ನ ಗುಣಗಳ ಪಟ್ಟಿ ಒಪ್ಪಿಸಲಿಲ್ಲ, ಆ ಎರಡು ಬಿಲ್ಲಿನ ಕಥೆ ಹೇಳಿದೆ. ಅವರು ಲೆಕ್ಕ ಗೊತ್ತಿಲ್ಲದ ಒಬ್ಬ ಹುಡುಗನನ್ನು ಕರೆದು ಕೂರಿಸಿ, ‘ಇವನಿಗೆ ಅರ್ಥ ಮಾಡಿಸಿ ನೋಡೋಣ’ ಅಂದರು. ಹತ್ತು ನಿಮಿಷದಲ್ಲಿ ಅವನೇ ತಿರುಗಿ ಅವರಿಗೆ ಹೇಳಿದ. ಸಂಬಳ ಮೊದಲ ವರ್ಷ ತಿಂಗಳಿಗೆ 3,000 ರೂಪಾಯಿ ಕಡಿಮೆಯೇ ಇತ್ತು, ಅದನ್ನು ಭಾನುವಾರದ ಕ್ಲಾಸಿಗೆ ಸಣ್ಣ ಫೀಸು ಇಟ್ಟು ತುಂಬಿಕೊಂಡೆ.